ಮೆಮರಿಗೆ ಹಚ್ಚಿದ ವಿಭೂತಿ

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಬೂಟು ಬಿಚ್ಚಿದಾಗ ವೈಜನಾಥನ ಎಡಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿತು. ಬೇರೆ ದಿನವಾಗಿದ್ದರೆ ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ನಾಸಿಕದ ಸಾತಪುರದ ಆ ಪಂಪಿನ ಕಾರ್ಖಾನೆಯಲ್ಲಿ ಈ ಕೋಣೆಗೆ ಕಾಲಿಡುವವರೇ ಕಡಿಮೆ. ಕಾಲಿಟ್ಟವರೂ ಒಳಗಿನ ತಂಪಿಗೆ ಮೈ ಒಡ್ಡಿ, ಮಷೀನಿನ ದೀಪಗಳನ್ನು ನೋಡಿ ಬೆರಗಾಗಿ ಹೋಗುತ್ತಿದ್ದರೇ ಹೊರತು ಆಪರೇಟರನ ಕಾಲು ನೋಡುತ್ತಿರಲಿಲ್ಲ. ಇವತ್ತು ಹಾಗಲ್ಲ. ವರ್ಕ್ಸ್ ಮ್ಯಾನೇಜರ್ ಬಾಪಟ ಸಾಹೇಬರು ಪಕ್ಕದಲ್ಲೇ ಒಂಟಿ ಕಾಲಲ್ಲಿ ನಿಂತು ಲೇಸು ಬಿಚ್ಚುತ್ತಿದ್ದರು. ಹೊಸ ಮೆಮರಿಯ ಪೆಟ್ಟಿಗೆಯೊಂದಿಗೆ ಮುಂಬಯಿಯಿಂದ ಬಂದಿದ್ದ ಇಂಜಿನಿಯರ್ ಉಮಾನಾಥ ಆಗಲೇ ಒಳಗೆ ಸೇರಿ ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಇನ್ನು, ಗೋಡೆಗೆ ಕೈಯೂರಿ, ಧೂಳು ಮೆತ್ತಿದ ಚಪ್ಪಲಿಗಳನ್ನು ಗುಡಿಯ ಮುಂದೆ ಬಿಡುವಷ್ಟು ಭಯಭಕ್ತಿಯಿಂದ ಬಿಡುತ್ತಿದ್ದವರು ವೈಜನಾಥನ ಮಾವ ಗುರುಲಿಂಗಪ್ಪನವರು. ಅವರು ಇದೇ ಕಂಪನಿಯ ಔರಂಗಾಬಾದ್ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಮೆಮರಿ ಕೂಡಿಸುವುದನ್ನು ನೋಡಲು ನಿನ್ನೆ ಹೊರಟ ಅವರ ಬಸ್ಸು ದಾರಿಯಲ್ಲಿ ಗಂಗಾಪುರದ ಸ್ಟ್ಯಾಂಡಿನಲ್ಲಿ ಕೆಟ್ಟು ನಿಂತಿದೆ ಎಂದು ತಿಳಿದಾಗ, ಬರದೇ ಇದ್ದರೂ ಇರಬಹುದು ಎಂದು ಅಳಿಯ ಸ್ವಲ್ಪ ಆಸೆ ಇಟ್ಟುಕೊಂಡಿದ್ದ. ಅವರು ಇನ್ನೊಂದು ಬಸ್ಸು ಹಿಡಿದು ಬಂದೇಬಿಟ್ಟರು.

ಹೆಬ್ಬೆರಳನ್ನು ಒಳಕ್ಕೆ ಮಡಿಸಿಕೊಂಡು ವೈಜನಾಥ ಕುಂಟುತ್ತ ಒಳಗೆ ನಡೆದ. ಬಾಗಿಲ ಮೇಲೆ ‘ಧೂಳು ಒಳಗೆ ಬರಬಾರದು’ ಎಂದು ಮರಾಠಿಯಲ್ಲಿ ಬರೆಸಿದವನು ಅವನೇ. ಖಂಡೇನವಮಿಯ ಆಯುಧಪೂಜೆಯ ದಿನ ಇಡೀ ಕಾರ್ಖಾನೆಯ ಲೇತುಗಳೆಲ್ಲ ಅರಿಸಿನ ಕುಂಕುಮ ಬಳಿದುಕೊಂಡು ನಿಂತಿದ್ದರೆ ಈ ಮಷೀನಿಗೆ ಮಾತ್ರ ಒಂದು ಹೂವಿನ ಎಸಳೂ ಸೋಕದಂತೆ ಬಾಗಿಲಿಗೆ ಅಡ್ಡ ನಿಂತವನೂ ಅವನೇ. ಪೂಜೆ ಏನಿದ್ದರೂ ಹೊಸ್ತಿಲಿಗೆ, ಕಾಯಿ ಏನಿದ್ದರೂ ಹೊರಗಿನ ಕಲ್ಲಿಗೆ. ಆಗ ಅವನಿಗೆ ತಾನು ಅರ್ಚಕರಿಗಿಂತ ದೊಡ್ಡ ಅರ್ಚಕನೆನಿಸಿ ಒಳಗೊಳಗೇ ಖುಷಿಯಾಗುತ್ತಿತ್ತು. ಈ ಖುಷಿಗೆಲ್ಲ ಇವತ್ತು ಸಂಜೆಯೊಳಗೆ ಗತಿ ಕಾಣಿಸಲಿದೆ ಎಂದು ಅವನಿಗೆ ಬೆಳಿಗ್ಗೆ ಹಲ್ಲುಜ್ಜುವಾಗಲೇ ಗೊತ್ತಾಗಿತ್ತು.

ತಪ್ಪು ಮಾಡಿದ್ದು ಬಾಯಿ. ಕೆಲವು ವರ್ಷಗಳ ಹಿಂದೆ, ಮೀಟಿಂಗಿನಲ್ಲಿ, ನಾಸಿಕದ ಸಂಬಳದ ಕೆಲಸವೆಲ್ಲ ಮಷೀನಿಗೆ ಹತ್ತಿತಲ್ಲ, ಇನ್ನು ಔರಂಗಾಬಾದಿನ ಸ್ಟೋರು ಯಾವಾಗ ಎಂದು ಬಾಪಟ ಸಾಹೇಬರು ಕೇಳಿದ್ದರು. ಆಗ ಎಲ್ಲರೂ ಅವನ ಕಡೆ ತಿರುಗಿದರು. ಗೊತ್ತಿಲ್ಲ ಎನ್ನಬಹುದಿತ್ತು, ನೋಡೋಣ ಎನ್ನಬಹುದಿತ್ತು. ಬಾಯಿ ತನ್ನಷ್ಟಕ್ಕೇ ತೆರೆದುಕೊಂಡು, ಪ್ರೋಗ್ರಾಂ ಎಲ್ಲ ತಲೆಯಲ್ಲಿದೆ ಸಾಹೇಬ್, ಈ ಮಷೀನಿಗೆ ಮೆಮರಿ ಒಂದು ಸಾಲದು ಎಂದುಬಿಟ್ಟಿತು. ನಾಲ್ಕು ಸಾವಿರ ಅಕ್ಷರ ಮಾತ್ರ ಹಿಡಿಯುವ ಮೆಮರಿಯಲ್ಲಿ ಅಷ್ಟೊಂದು ನಟ್ಟು ಬೋಲ್ಟುಗಳನ್ನು ಎಲ್ಲಿ ತುಂಬುವುದು? ಸಾಹೇಬರು ತಲೆದೂಗಿದರು. ಅಲ್ಲಿಂದ ಮುಂದೆ ಮೆಮರಿಯ ಕೊರತೆಯೇ ಅವನ ತಲೆಯ ಮೇಲಿನ ಸೂರಾಯಿತು. ಯಾರು ಏನು ಕೇಳಿದರೂ ಮೆಮರಿ ಸಾಲದು. ಹೆಂಡತಿ ಕಾಶಿಬಾಯಿ ಪೈಠಣಕ್ಕೆ ಹೋಗಿ ಒಂದು ಸೀರೆ ನೋಡಿಕೊಂಡು ಬರೋಣ ಎಂದರೂ, ಮೆಮರಿ ಬರಲಿ, ರಜೆ ಹಾಕುತ್ತೇನೆ ಎನ್ನುತ್ತಿದ್ದ. ಮೆಮರಿ ಪರದೇಶದಿಂದ ಬರಬೇಕು, ಅದಕ್ಕೆ ಸರಕಾರದ ಇಂಪೋರ್ಟ್ ಲೈಸೆನ್ಸ್ ಬೇಕು, ಆ ಲೈಸೆನ್ಸ್ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದು ಅವನು ದೆಹಲಿಯ ಮೇಲೆ ಅಪಾರ ಭರವಸೆ ಇಟ್ಟಿದ್ದ. ದೆಹಲಿ ಕೈಕೊಟ್ಟಿತು. ಲೈಸೆನ್ಸ್ ಬಂತು. ಅದರ ಹಿಂದೆ ಪೆಟ್ಟಿಗೆಯೂ ಬಂತು.

ತಲೆಯಲ್ಲಿ ಏನಿತ್ತು? ಅವನು ಎಷ್ಟೋ ಸಲ ಹುಡುಕಿ ನೋಡಿದ್ದ. ಒಂದು ಭಾನುವಾರ ಪೆನ್ಸಿಲು ಚೂಪು ಮಾಡಿ, ಹೊಸ ರಬ್ಬರು ಕೊಂಡು, ಚಾಪೆಯ ಮೇಲೆ ಕೂತು ಬರೆಯಲು ಶುರು ಮಾಡಿದವನಿಗೆ ಮೊದಲ ಸಾಲಿನಲ್ಲೇ ಒಂದು ಅನುಮಾನ ಬಂದು, ಆ ಅನುಮಾನ ಬೆಳೆದು, ತನಗೆ ಈ ವಿದ್ಯೆ ಬರುತ್ತದೆಯೇ ಎನ್ನುವಲ್ಲಿಗೆ ಹೋಗಿ ಮುಟ್ಟಿತು. ಸಂಬಳದ ಪ್ರೋಗ್ರಾಂ ಮಷೀನಿನ ಜೊತೆಗೇ ಬಂದದ್ದು. ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ್ದನ್ನೇ ಅವನು ಇಷ್ಟು ವರ್ಷ ತಾನು ಹೆತ್ತದ್ದೆಂದು ಹೇಳಿಕೊಂಡು ಬಂದಿದ್ದ. ಬರೆದು ನೋಡಿದರೆ ಬರುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಬರೆಯದಿದ್ದರೆ ತಲೆಯಲ್ಲಿ ಇದ್ದೇ ಇದೆ. ಪೆನ್ಸಿಲನ್ನೂ ರಬ್ಬರನ್ನೂ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ಅಂದಿನಿಂದ ಅಂಗಿ ಬದಲಾದರೂ ಅವು ಜೇಬಿನಲ್ಲೇ ಇವೆ.

ಇದೆಲ್ಲಕ್ಕಿಂತ ಭಾರವಾದದ್ದು ಮಾವನ ನಂಬಿಕೆ. ಹಬ್ಬಕ್ಕೆಂದು ಔರಂಗಾಬಾದಿಗೆ ಹೋದಾಗಲೆಲ್ಲ ಗುರುಲಿಂಗಪ್ಪನವರು ಬಂದ ನೆಂಟರೆದುರು ತಮ್ಮ ತಲೆಯನ್ನು ಬೆರಳಿಂದ ಕುಟ್ಟಿ ತೋರಿಸಿ, ನಮ್ಮ ಇಡೀ ಸ್ಟೋರು ಅಳಿಯನ ತಲೆಯಲ್ಲಿದೆ ಎಂದು ಹೇಳುವರು. ತಮ್ಮ ಕಡೆಯ ಕೆಲಸವೂ ಮುಗಿದಿದೆಯೆಂದು, ಪ್ರತಿಯೊಂದು ಸಾಮಾನಿಗೂ ಮಷೀನಿಗೆ ಬೇಕಾದ ನಂಬರು ಕೊಟ್ಟು ತಯಾರಾಗಿ ಕೂತಿದ್ದೇನೆಂದು, ಮೆಮರಿ ಬರುವುದೊಂದೇ ಬಾಕಿಯೆಂದು ಹೇಳುವರು. ಇಳಿವಯಸ್ಸಿನಲ್ಲಿ ಕನ್ನಡಕ ಏರಿಸಿ ಇಳಿಸಿ ಸ್ಟೋರಿನ ಕಾರ್ಡುಗಳನ್ನು ಕೈಯಲ್ಲೇ ಬರೆಯುವ ಆ ಮನುಷ್ಯ ತನ್ನನ್ನು ನೆಚ್ಚಿ ಕಾಯುತ್ತಿದ್ದಾರೆ ಎನ್ನಿಸಿದಾಗ ವೈಜನಾಥನಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಳಿಯನಿಗೆ ಸಂಕೋಚ ಎಂದುಕೊಂಡು ಅತ್ತೆ ಇನ್ನೊಂದು ಬಡಿಸುತ್ತಿದ್ದಳು.

ಉಮಾನಾಥ ಮಷೀನಿನ ಬಾಗಿಲು ತೆಗೆದು, ಹೊಸ ಪೆಟ್ಟಿಗೆ ಬಿಚ್ಚಿ, ಒಳಗಿನದನ್ನು ತೋರಿಸಿದ. ಸಾಸಿವೆಗಿಂತ ಸಣ್ಣ ಕರಿಯ ಉಂಗುರಗಳು, ಒಂದೊಂದರ ಒಳಗೂ ಹಾದುಹೋದ ಕೂದಲೆಳೆಯಂಥ ತಂತಿಗಳು, ಚೌಕಟ್ಟಿನ ತುಂಬ. ಇದನ್ನು ಹೆಂಗಸರು ಕೂತು ಕೈಯಲ್ಲೇ ಪೋಣಿಸುತ್ತಾರೆ ಎಂದು ಅವನು ಹೇಳಿದಾಗ ಗುರುಲಿಂಗಪ್ಪನವರು ಬಗ್ಗಿ ನೋಡಿ, ಪೈಠಣದ ಮಗ್ಗದಲ್ಲಿ ನೇಯುವವರೂ ಹೀಗೇ ಕಣ್ಣು ಕಳೆದುಕೊಳ್ಳುತ್ತಾರೆ ಎಂದರು. ಉಮಾನಾಥ ಕುಂದಾಪುರದ ಕಡೆಯವನು. ನಾಸಿಕದಲ್ಲಿ ಹೋಟೆಲು ಇಟ್ಟಿದ್ದ ಅವನ ಸೋದರಮಾವ ಬೆಳಿಗ್ಗೆ ಒತ್ತಾಯ ಮಾಡಿ ತಿನ್ನಿಸಿದ ಇಡ್ಲಿಯ ಭಾರಕ್ಕೆ ನಡುನಡುವೆ ಆಕಳಿಸುತ್ತಿದ್ದ. ಚೌಕಟ್ಟನ್ನು ಕೂಡಿಸಿ, ಅದಕ್ಕೆ ಸೇರಬೇಕಾದ ಸರ್ಕ್ಯೂಟಿನ ಹಸಿರು ಹಲಗೆಗಳನ್ನು ಮೇಜಿನ ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟ. ಪ್ರತಿ ಹಲಗೆಯ ಅಂಚಿನಲ್ಲೂ ಚಿನ್ನದ ಬಣ್ಣದ ಹಲ್ಲುಗಳ ಸಾಲು. ಅವು ಹೋಗಿ ಮಷೀನಿನ ಒಳಗೆ ಕಚ್ಚಿಕೊಂಡರೇ ಕರೆಂಟು ಹರಿಯುವುದು. ಅಷ್ಟರಲ್ಲಿ ಬಾಪಟ ಸಾಹೇಬರಿಗೆ ಫೋನ್ ಬಂತು. ಅವರು ಹೋದದ್ದನ್ನು ನೋಡಿ ಉಮಾನಾಥನಿಗೆ ಚಹಾದ ನೆನಪಾಯಿತು. ಯಾರೂ ಏನೂ ಮುಟ್ಟಬಾರದು, ಈಗ ಬಂದೆ ಎಂದು ಹೇಳಿ ಅವನೂ ಹೊರಟ.

ಕೋಣೆಯಲ್ಲಿ ಮಾವ ಅಳಿಯ ಇಬ್ಬರೇ ಉಳಿದರು. ಬೆಳಿಗ್ಗೆ ಕಾಶಿಬಾಯಿ ಅಪ್ಪನಿಗೆ ಕಾಣದಂತೆ ಗಂಡನ ಹೊಸ ಶರ್ಟಿನ ಗುಂಡಿ ಹಾಕುತ್ತ, ಇವತ್ತು ಅಪ್ಪನ ಮುಂದೆ ಮರ್ಯಾದೆ ಉಳಿಸಿ ಎಂದು ನಗುನಗುತ್ತ ಹೇಳಿದ್ದಳು. ಅದು ತಮಾಷೆಯೋ, ಅವಳಿಗೆ ಎಲ್ಲ ಗೊತ್ತಿದೆಯೋ ಎಂದು ಅವನು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದ್ದ. ಈಗ ಗುರುಲಿಂಗಪ್ಪನವರು ಬಿಳಿ ಬಟ್ಟೆಯ ಮೇಲಿನ ಹಲಗೆಗಳನ್ನು ಕೈ ಕಟ್ಟಿಕೊಂಡು ನೋಡುತ್ತ ನಿಂತಿದ್ದರು. ಆಮೇಲೆ ಜೇಬಿನಿಂದ ಸಣ್ಣ ಬಟ್ಟೆಯ ಗಂಟು ತೆಗೆದರು. ಅದರಲ್ಲಿ ವಿಭೂತಿಯ ಗಟ್ಟಿ ಇತ್ತು.

“ಹೊಸ ಸಾಮಾನ ಹಂಗ ಕೂಡಸೂದು ಛಲೋ ಅಲ್ಲ, ಅಳಿಯಾರ. ಒಂದೀಟು ಹಚ್ಚಲೇನು?”

ಬೇಡ ಎನ್ನಬೇಕಿತ್ತು. ಅದು ಬಾಗಿಲ ಮೇಲೇ ಬರೆದಿತ್ತು. ಮಾವ ಗಟ್ಟಿಗೆ ಮೂರು ಬೆರಳು ತಿಕ್ಕಿ, ಪೆಟ್ಟಿಗೆಯ ತಗಡಿನ ಮುಚ್ಚಳದ ಕಡೆ ಕೈ ಚಾಚಿದ್ದರು. ಮುಚ್ಚಳಕ್ಕೆ ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ವೈಜನಾಥ ತನ್ನ ಬಲಗೈಯನ್ನು ನೋಡಿದ. ಅದು ಆಗಲೇ ಎದ್ದಿತ್ತು. ಅದರ ತೋರುಬೆರಳು ನೇರ ಹೋಗಿ ಚಿನ್ನದ ಬಣ್ಣದ ಹಲ್ಲುಗಳ ಮುಂದೆ ನಿಂತಿತು.

“ಅಲ್ಲಲ್ಲ, ಮಾಮಾ. ಇಲ್ಲಿ ಹಚ್ಚರಿ.”

ಗುರುಲಿಂಗಪ್ಪನವರು ಆ ಬೆರಳನ್ನು ನೋಡಿದರು. ಕನ್ನಡಕದ ಮೇಲಿನಿಂದ ಅಳಿಯನ ಮುಖ ನೋಡಿದರು. ಆಮೇಲೆ ಶಿವಾ ಎಂದು ಬಹಳ ಮೆತ್ತಗೆ ಹೇಳಿ, ಒಂದು ಹಲಗೆಯ ಹಲ್ಲಿಗೆ ಅಡ್ಡವಾಗಿ ಮೂರು ಗೆರೆ ಎಳೆದರು. ಅಷ್ಟೇ ಸಾಕಿತ್ತು. ಅವರು ಮುಂದಿನದಕ್ಕೂ ಎಳೆದರು, ಅದರ ಮುಂದಿನದಕ್ಕೂ ಎಳೆದರು. ನೆಂಟರನ್ನು ಸಾಲಾಗಿ ಕೂಡಿಸಿಕೊಂಡು ಹಚ್ಚುವವರಂತೆ ಒಂದನ್ನೂ ಬಿಡಲಿಲ್ಲ. ಈ ಮುದುಕರ ಭಕ್ತಿ ಎಷ್ಟು ನಿರ್ಮಲವಾದದ್ದು, ಅದನ್ನು ತಾನು ಯಾವುದಕ್ಕೆ ಬಳಸಿಕೊಂಡೆ ಎಂದು ವೈಜನಾಥನಿಗೆ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಅವನು ಬೂದಿ ಎದ್ದು ಕಾಣುತ್ತಿದ್ದ ಒಂದೆರಡು ಕಡೆ ಉಫ್ ಎಂದು ಊದಿ ಮರೆ ಮಾಡಿದ.

ಉಮಾನಾಥ ಬಂದ, ಆಕಳಿಸಿದ, ಹಲಗೆಗಳನ್ನು ಒಂದೊಂದಾಗಿ ನೋಡದೆಯೇ ಒಳಗೆ ತಳ್ಳಿದ. ಬಾಪಟ ಸಾಹೇಬರೂ ಬಂದು ನಿಂತರು. ಸ್ವಿಚ್ಚು ಒತ್ತಿದ್ದೇ ಮಷೀನು ಗುಂಯ್ ಎಂದಿತು, ದೀಪಗಳು ಓಡಾಡಿದವು, ಮತ್ತು ಎಲ್ಲಕ್ಕಿಂತ ಮೇಲಿನ ಕೆಂಪು ದೀಪ ಹತ್ತಿಕೊಂಡು ಹಾಗೇ ಉಳಿಯಿತು. ಅದು ಹತ್ತಿದರೆ ಮೆಮರಿಯಲ್ಲಿ ದೋಷವಿದೆ ಎಂದರ್ಥ. ವೈಜನಾಥ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪೆಟ್ಟಿಗೆ ಮುಂಬಯಿಗೆ ವಾಪಸು ಹೋಗಬಹುದು. ಮುಂಬಯಿಯಿಂದ ಪರದೇಶಕ್ಕೂ ಹೋಗಬಹುದು. ಮತ್ತೊಂದು ಲೈಸೆನ್ಸ್ ಬೇಕಾಗಬಹುದು. ಅವನಿಗೆ ದೆಹಲಿಯ ಮೇಲೆ ಹಳೆಯ ಪ್ರೀತಿ ಮರುಕಳಿಸಿತು. ಮುಖ ಮಾತ್ರ ಸೂತಕದ ಮನೆಯವನ ಹಾಗೆ ಮಾಡಿಕೊಂಡು, ಛೇ, ಎಷ್ಟು ಆಸೆ ಇಟ್ಟುಕೊಂಡಿದ್ದೆವು ಎಂದ. ಹೇಳಿದ ಮೇಲೆ ಅದೇ ಬಾಯಿಯ ಮೇಲೆ ಅವನಿಗೆ ಅಸಹ್ಯವಾಯಿತು. ಹಾಗೆಂದು ದೀಪ ಆರಲಿ ಎಂದೇನೂ ಅವನು ಬೇಡಿಕೊಳ್ಳಲಿಲ್ಲ.

ಉಮಾನಾಥ ಇಡ್ಲಿಯ ಮತ್ತಿನಿಂದ ಎಚ್ಚೆತ್ತ. ಒಂದು ಹಲಗೆಯನ್ನು ಹೊರಗೆಳೆದ, ದೀಪದ ಬೆಳಕಿಗೆ ಹಿಡಿದ, ಬೆರಳು ಸವರಿದ, ಬೆರಳನ್ನು ಮೂಸಿದ. “ಎಂತ ಬೂದಿ ಮಾರಾಯ್ರೆ ಇದು?”

ಗುರುಲಿಂಗಪ್ಪನವರ ಹಣೆಯ ಮೇಲಿನ ಮೂರು ಗೆರೆಗಳನ್ನು ಮೊದಲು ಉಮಾನಾಥ ನೋಡಿದ, ಆಮೇಲೆ ಬಾಪಟ ಸಾಹೇಬರು ನೋಡಿದರು. ಮುದುಕರು ಒಂದು ಹೆಜ್ಜೆ ಮುಂದೆ ಬಂದು ನಾನೇ ಹಚ್ಚಿದ್ದು ಎಂದರು. ಇಲ್ಲೇ ಹಚ್ಚಬೇಕೆಂದು ಯಾರು ಹೇಳಿದರು ಎಂದು ಉಮಾನಾಥ ಕೇಳಿದ. ಈಗ, ಈಗ ಹೇಳುತ್ತೇನೆ ಎಂದು ವೈಜನಾಥ ಉಸಿರೆಳೆದುಕೊಂಡ. ಅಷ್ಟರಲ್ಲಿ ಮಾವ, ಯಾರೂ ಹೇಳಲಿಲ್ಲ, ವಯಸ್ಸಾಯಿತು, ತಿಳಿಯಲಿಲ್ಲ ಎಂದುಬಿಟ್ಟರು. ಎಳೆದುಕೊಂಡ ಉಸಿರನ್ನು ಅವನು ಸದ್ದಾಗದಂತೆ ಬಿಟ್ಟ. ಬಾಪಟ ಸಾಹೇಬರು ಮರಾಠಿಯಲ್ಲಿ ದೇವರು, ಧೂಳು, ಪರದೇಶದ ಸಾಮಾನು ಎಂದು ಏನೇನೋ ಸೇರಿಸಿ ಮುದುಕರಿಗೆ ನಾಲ್ಕು ಮಾತು ಹೇಳಿದರು. ಉಮಾನಾಥ ಮಾತ್ರ ನಗುತ್ತಿದ್ದ. ಅವನು ಕೈ ಚಾಚಿ ವೈಜನಾಥನಲ್ಲಿ ಪೆನ್ಸಿಲಿನ ರಬ್ಬರು ಇದೆಯೇ ಎಂದು ಕೇಳಿದ.

ಜೇಬಿನಿಂದ ತೆಗೆದು ಕೊಡಲೇಬೇಕಾಯಿತು. ರಬ್ಬರಿನ ನಾಲ್ಕೂ ಮೂಲೆ ಅಂಗಡಿಯಿಂದ ತಂದ ದಿನದಷ್ಟೇ ಚೂಪಾಗಿದ್ದವು. ಇಷ್ಟು ವರ್ಷ ಪ್ರೋಗ್ರಾಂ ಬರೆದವನ ರಬ್ಬರು ಸವೆಯದೆ ಹೇಗೆ ಉಳಿಯಿತು ಎಂದು ಯಾರಾದರೂ ಕೇಳಿಯಾರೆಂದು ಅವನು ಬೆವರಿದ. ಉಮಾನಾಥ ನೋಡಲಿಲ್ಲ. ಗುರುಲಿಂಗಪ್ಪನವರು ಮಾತ್ರ ರಬ್ಬರನ್ನು ಸ್ವಲ್ಪ ಹೊತ್ತು ನೋಡಿ ಕನ್ನಡಕ ಒರೆಸಿಕೊಂಡರು. ಒಂದೊಂದೇ ಹಲ್ಲಿನ ಸಾಲನ್ನು ರಬ್ಬರಿನಿಂದ ತಿಕ್ಕಿ, ಹಳೆಯ ಬ್ರಷ್ಷಿನಿಂದ ಗುಡಿಸಿ ಉಮಾನಾಥ ಮತ್ತೆ ಕೂಡಿಸಿದ. ಸ್ವಿಚ್ಚು ಒತ್ತಿದ. ಕೆಂಪು ದೀಪ ಹತ್ತಲಿಲ್ಲ. ಮಷೀನಿನ ಮೆಮರಿ ಇಮ್ಮಡಿಯಾಗಿತ್ತು. ರಬ್ಬರು ಒಂದು ಕಡೆ ಸವೆದು ವೈಜನಾಥನ ಜೇಬಿಗೆ ವಾಪಸು ಬಂತು.

ಬಾಪಟ ಸಾಹೇಬರು ಕೈ ತಿಕ್ಕಿಕೊಂಡರು. ಸರಿ ವೈಜನಾಥ, ನಿಮ್ಮ ತಲೆಯಲ್ಲಿರುವುದನ್ನು ಇನ್ನು ಇಳಿಸಿ, ಔರಂಗಾಬಾದ್ ಯಾವಾಗ ಶುರು ಎಂದರು. ಅವನಿಗೆ ತಾನು ನಿಂತ ನೆಲದ ತಂಪು ಹೆಬ್ಬೆರಳಿನ ತೂತಿನಿಂದ ಏರಿ ಬರುತ್ತಿರುವುದು ತಿಳಿಯಿತು. ಇನ್ನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ನಿಜವೊಂದನ್ನು ಬಿಟ್ಟು. ಅವನು ಅದನ್ನೇ ಹೇಳಲು ಬಾಯಿ ತೆರೆದದ್ದೂ ಹೌದು.

“ಸಾಹೇಬ್,” ಎಂದರು ಗುರುಲಿಂಗಪ್ಪನವರು, ತಮ್ಮ ಬೀದರಿನ ಮರಾಠಿಯಲ್ಲಿ. “ಸಾಮಾನುಗಳಿಗೆ ನಾನು ಇನ್ನೂ ನಂಬರು ಕೊಟ್ಟಿಲ್ಲ. ತಯಾರಿದೆ ಅಂತ ಸುಳ್ಳು ಹೇಳಿದ್ದೆ.”

ಬಾಪಟ ಸಾಹೇಬರಿಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಈ ಸಲ ದೇವರನ್ನೂ ಧೂಳನ್ನೂ ಬಿಟ್ಟು ನೇರ ಮನುಷ್ಯನನ್ನೇ ಹಿಡಿದರು. ಇಷ್ಟು ವರ್ಷದ ಸರ್ವಿಸಿನ ಮನುಷ್ಯ ಹೀಗೆ ಮಾಡಬಹುದೇ ಎಂದರು. ಈ ಹುಡುಗನನ್ನು ನೋಡಿ, ಎಲ್ಲ ತಲೆಯಲ್ಲಿ ಹೊತ್ತುಕೊಂಡು ಮೆಮರಿಗಾಗಿ ಕಾದು ಕೂತಿದ್ದಾನೆ, ಇವನ ಮಾವ ನೀವು ಎಂದರು. ಮುದುಕರು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ಬರುವ ದೀಪಾವಳಿಯೊಳಗೆ ನಂಬರು ತಯಾರಾಗಬೇಕೆಂದು ತೀರ್ಮಾನವಾಯಿತು. ವೈಜನಾಥ ತೆರೆದ ಬಾಯಿಯನ್ನು ಮುಚ್ಚಿಕೊಂಡ. ದೀಪಾವಳಿಗೆ ಇನ್ನೂ ಬಹಳ ದಿನವಿದೆ ಎನ್ನುವುದು ಅವನಿಗೆ ಮೊದಲು ಹೊಳೆಯಿತು. ತನಗಾಗಿ ಮಾವ ಸುಳ್ಳು ಹೇಳಿ ಮಾನ ಕಳೆದುಕೊಂಡರು ಎನ್ನುವುದು ಆಮೇಲೆ ಹೊಳೆಯಿತು. ಈ ಎರಡರ ಅನುಕ್ರಮ ಅವನನ್ನು ಆಮೇಲೆ ಬಹಳ ಕಾಡಿತು.

ಶಿಫ್ಟು ಬಿಟ್ಟು ಸಾತಪುರದ ರಸ್ತೆಯ ತುಂಬ ಸೈಕಲ್ಲುಗಳು. ಬಸ್ಸಿಗೆ ಕಾಯುತ್ತ ನಿಂತಾಗ ಅವನು ಹೇಳಿಬಿಟ್ಟ. ತಲೆಯಲ್ಲಿ ಏನೂ ಇಲ್ಲವೆಂದು, ಒಂದು ಸಾಲೂ ಬರೆದಿಲ್ಲವೆಂದು, ಬರೆಯಲು ಬರುತ್ತದೋ ಇಲ್ಲವೋ ಅದೂ ಗೊತ್ತಿಲ್ಲವೆಂದು. ಸೈಕಲ್ಲಿನ ಗಂಟೆಗಳ ನಡುವೆ ಅವನು ದನಿ ಏರಿಸಬೇಕಾಯಿತು. “ನನ್ನ ಸಲುವಾಗಿ ನೀವು ಸುಳ್ಳು ಹೇಳಿದ್ರಲ್ಲ, ಮಾಮಾ.”

“ಯಾವ ಸುಳ್ಳ್ರಿ?” ಎಂದರು ಗುರುಲಿಂಗಪ್ಪನವರು. “ನಂಬರ ಖರೇನ ಹಾಕಿಲ್ಲ ನಾ.”

ಶುರುವೇನೋ ಮಾಡಿದ್ದರಂತೆ. ವಾಶರಿನ ತನಕ ಬಂದು ಬೇಸರವಾಗಿ ಬಿಟ್ಟರಂತೆ. ಪ್ರತಿಯೊಂದು ಬೋಲ್ಟಿನ ಮುಖ ಗುರುತಿರುವವನಿಗೆ ನಂಬರು ಯಾಕೆ ಬೇಕು? ಮಷೀನಿಗೆ ಎಲ್ಲ ಗೊತ್ತಾದ ಮೇಲೆ ಸ್ಟೋರಿನಲ್ಲಿ ತಾವು ಕೂತಾದರೂ ಏನು ಮಾಡುವುದು? ಮೆಮರಿ ಬರಲಿಕ್ಕಿಲ್ಲ ಎಂದು ಅವರೂ ದೆಹಲಿಯನ್ನೇ ನೆಚ್ಚಿದ್ದರಂತೆ. ಅಳಿಯನ ತಲೆಯೊಂದೇ ಅವರಿಗಿದ್ದ ಹೆದರಿಕೆ. ಅದರಲ್ಲಿ ಎಲ್ಲ ತಯಾರಿದೆ ಎಂದು ಕೇಳಿದಾಗಿನಿಂದ ಅವರಿಗೆ ಸರಿಯಾಗಿ ನಿದ್ದೆ ಇಲ್ಲವಂತೆ.

“ಸ್ವಿಚ್ಚಿನ ಪಾಯಿಂಟಿಗೆ ಧೂಳ ತಾಗಬಾರ್ದಂತ ಜನ್ಮಪೂರ್ತಿ ಎಣ್ಣಿ ಕಾಗದ ಸುತ್ತಿಟ್ಟಾಂವ ನಾ. ನೀವು ಅಲ್ಲೇ ಹಚ್ಚಂತ ಬೆರಳ ತೋರಸಿದ್ರಿ ನೋಡ್ರಿ, ಆವಾಗ ಜೀವಕ್ಕ ಸಮಾಧಾನ ಆತು. ಇವರದೂ ತಯಾರಿಲ್ಲ ಅಂತ ತಿಳೀತು.”

ವೈಜನಾಥನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದಾಗ ನಗು ಬಂತು. ಒಂದೊಂದು ಹಲಗೆಗೂ ಅಷ್ಟು ಶ್ರದ್ಧೆಯಿಂದ ಎಳೆದ ಆ ಮೂರು ಗೆರೆಗಳು ನೆನಪಾಗಿ ತಡೆಯಲಾರದಷ್ಟು ನಗು ಬಂತು. ಮಾವನೂ ಹೊಟ್ಟೆ ಅಲುಗಿಸಿ ನಕ್ಕರು. ಸೈಕಲ್ಲಿನವರು ತಿರುಗಿ ನೋಡಿಕೊಂಡು ಹೋದರು. ಆಮೇಲೆ ಗುರುಲಿಂಗಪ್ಪನವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ, ಬಸ್ಸು ಬರುವ ದಿಕ್ಕನ್ನು ನೋಡುತ್ತ, ಸಿಟ್ಟಿಲ್ಲದೆ ಹೇಳಿದರು.

“ಸಾಹೇಬ್ರ ಮುಂದ ನಾ ಬಾಯಿ ಬಿಟ್ಟ ಮ್ಯಾಲ ನೀವೂ ಬಿಡ್ತೀರಿ ಅನ್ಕೊಂಡಿದ್ದೆ.”

ಬಸ್ಸು ಬಂತು. ಇಬ್ಬರೂ ನಿಂತುಕೊಂಡೇ ಮನೆಯವರೆಗೆ ಹೋದರು. ಕಂಬಿ ಹಿಡಿದ ಕೈ ಬದಲಾಯಿಸುತ್ತ ವೈಜನಾಥ ಏನಾದರೂ ಹೇಳಲು ಹುಡುಕಿದ. ಸಾಹೇಬರು ನಡುವೆ ಮಾತಾಡಿದರು ಎನ್ನಬಹುದಿತ್ತು, ಹೇಳುವವನಿದ್ದೆ ಎನ್ನಬಹುದಿತ್ತು. ಎರಡೂ ಹೆಚ್ಚುಕಡಿಮೆ ನಿಜವೇ.

ಕಾಶಿಬಾಯಿ ಬಾಗಿಲಲ್ಲೇ ನಿಂತು ಮಷೀನು ನಡೆಯಿತೇ ಎಂದು ಕೇಳಿದಳು. ನಡೆಯಿತು, ನಿನ್ನ ಗಂಡನದು ಎಲ್ಲ ತಯಾರಿತ್ತು, ನನ್ನದೇ ಇರಲಿಲ್ಲ, ಸಾಹೇಬರು ಬೈದರು ಎಂದು ಗುರುಲಿಂಗಪ್ಪನವರು ಊರಿನ ಸುದ್ದಿ ಹೇಳುವಂತೆ ಹೇಳಿ ಕಾಲು ತೊಳೆಯಲು ಹೋದರು. ಅವಳು ಅಪ್ಪನನ್ನು ಬಚ್ಚಲಿನವರೆಗೂ ಬೈಯುತ್ತ ಹೋದಳು: ಇವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕೂತಿದ್ದರು, ನೀನು ಹೀಗೆ ಮಾಡಿದರೆ ನಾನು ಇವರ ಮುಂದೆ ಹೇಗೆ ಮುಖ ತೋರಿಸಲಿ? ತಿರುಗಿ ಬಂದು ಗಂಡನಿಗೆ ತುಪ್ಪ ಹಾಕಿದ ಬಿಸಿ ಶಿರಾ ಕೊಟ್ಟಳು. ಅಪ್ಪನಿಗೆ ಬರೀ ಚಹಾ ಕೊಟ್ಟಳು. ಅವಳ ಕಣ್ಣಲ್ಲಿ ಅವತ್ತು ಇದ್ದಂಥ ಅಭಿಮಾನವನ್ನು ವೈಜನಾಥ ಮದುವೆಯಾದಾಗಿನಿಂದ ಕಂಡಿರಲಿಲ್ಲ. ಅವನು ಶಿರಾ ಪೂರ್ತಿ ತಿಂದ.

ದೀಪ ಹಚ್ಚುವ ಹೊತ್ತಿಗೆ ಮುದುಕರು ಲಿಂಗಪೂಜೆ ಮುಗಿಸಿ, ಮಗಳ ಹಣೆಗೆ ವಿಭೂತಿ ಇಟ್ಟು, ಅಳಿಯನ ಮುಂದೆ ಬಂದು ಕೂತರು. ಗಟ್ಟಿಗೆ ಬೆರಳು ತಿಕ್ಕಿದರು. ಮೂರೂ ಬೆರಳನ್ನು ಅವನ ಮುಖದ ಮುಂದೆ ಹಿಡಿದು ನಿಲ್ಲಿಸಿದರು.

“ಎಲ್ಲಿ ಹಚ್ಚಲಿ ಅಳಿಯಾರ? ಬೆರಳ ಮಾಡಿ ತೋರಸ್ರಿ.”

ಕಾಶಿಬಾಯಿ ನಕ್ಕುಬಿಟ್ಟಳು. ಹಣೆಗಲ್ಲದೆ ಮತ್ತೆಲ್ಲಿ ಹಚ್ಚುತ್ತಾರೆ, ಅಪ್ಪನಿಗೆ ನಿಜವಾಗಿಯೂ ಅರಳುಮರಳು ಎಂದಳು. ವೈಜನಾಥನ ತೋರುಬೆರಳು ಮೆಲ್ಲಗೆ ಎದ್ದಿತು. ಅದು ಹಣೆಯ ಕಡೆ ಹೋಗಲಿಲ್ಲ. ಅವನ ಬಾಯಿಯ ಮುಂದೆ ಬಂದು ನಿಂತಿತು.

“ಕಾಶಿ,” ಎಂದ ಅವನು. “ನಂದೂ ತಯಾರಿರಲಿಲ್ಲ.”

ಅವಳ ನಗು ಅರ್ಧಕ್ಕೆ ನಿಂತಿತು. ಶಿರಾದ ಖಾಲಿ ತಟ್ಟೆಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದಳು. ಗುರುಲಿಂಗಪ್ಪನವರು ಏನೂ ಕೇಳಿಸಿಕೊಳ್ಳದವರ ಹಾಗೆ ಅವನ ಹಣೆಗೆ ಅಡ್ಡವಾಗಿ ಮೂರು ಗೆರೆ ಎಳೆದು, ಬೆರಳಲ್ಲಿ ಉಳಿದ ಬೂದಿಯನ್ನು ಅವನ ಮೂಗಿನ ತುದಿಗೆ ಒರೆಸಿದರು.